ಜಾರ್ಜ್ ಮುಲ್ಲರ್: ಯಾರ ಮುಂದೆಯೂ ಕೈ ಚಾಚದೆ ಹತ್ತು ಸಾವಿರ ಮಕ್ಕಳನ್ನು ಸಾಕಿದವರು

ಟ್ರಿಪ್ ಹೋದಾಗ ಎಲ್ಲರ ದುಡ್ಡನ್ನೂ ಒಬ್ಬನ ಕೈಗೆ ಕೊಟ್ಟು, ಲೆಕ್ಕ ನೀನೇ ನೋಡ್ಕೋ ಮಾರಾಯ ಅನ್ನೋದು ಎಲ್ಲಾ ಕಾಲದಲ್ಲೂ ಇದ್ದದ್ದೇ. 1825ರಲ್ಲಿ ಜರ್ಮನಿಯ ಹಾಲೆ ವಿಶ್ವವಿದ್ಯಾಲಯದ ಕೆಲವು ಹುಡುಗರು ಹೀಗೇ ಸ್ವಿಟ್ಜರ್ಲೆಂಡಿಗೆ ಹೊರಟರು. ಖರ್ಚಿಗೆ ಪುಸ್ತಕಗಳನ್ನು ಅಡ ಇಟ್ಟಿದ್ದರು. ಪಾಸ್‌ಪೋರ್ಟ್ ಸಿಗಲಿ ಅಂತ ಅಪ್ಪ ಅಮ್ಮನ ಹೆಸರಲ್ಲಿ ಸುಳ್ಳು ಪತ್ರ ಬರೆದುಕೊಂಡಿದ್ದರು. ದುಡ್ಡಿನ ಚೀಲ ಇದ್ದದ್ದು ಜಾರ್ಜ್ ಮುಲ್ಲರ್ ಅನ್ನೋ ಹತ್ತೊಂಬತ್ತು ವರ್ಷದವನ ಹತ್ತಿರ. ಊರಿಗೆ ವಾಪಸ್ ಬಂದಾಗ ಉಳಿದವರಿಗೆ ತಲಾ ಮೂರು ಪಾಲು ಖರ್ಚಾಗಿದ್ದರೆ ಅವನಿಗೆ ಎರಡೇ ಪಾಲು ಖರ್ಚಾಗಿತ್ತು. ಲೆಕ್ಕದಲ್ಲಿ ಕೈಚಳಕ ತೋರಿಸಿದ್ದ. ಗೆಳೆಯರಿಗೆ ಗೊತ್ತೇ ಆಗಲಿಲ್ಲ.

ಇದೇ ಮನುಷ್ಯ ಮುಂದೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 10,024 ಅನಾಥ ಮಕ್ಕಳನ್ನು ಸಾಕಿದರು. ಹತ್ತು ಲಕ್ಷ ಪೌಂಡಿಗಿಂತ ಹೆಚ್ಚು ಹಣ ಅವರ ಕೈಮೇಲೆ ಹಾದು ಹೋಯಿತು. ಒಂದೊಂದು ಕಾಸಿಗೂ ಲೆಕ್ಕ ಇತ್ತು. ಇನ್ನೂ ಆಶ್ಚರ್ಯ ಅಂದ್ರೆ, ಆ ಹಣಕ್ಕಾಗಿ ಅವರು ಯಾರನ್ನೂ ಕೇಳಲಿಲ್ಲ, ಎಲ್ಲೂ ಸಾಲ ಮಾಡಲಿಲ್ಲ. ಬೇಕಾದ್ದನ್ನು ದೇವರ ಹತ್ತಿರ ಮಾತ್ರ ಕೇಳುತ್ತಿದ್ದರು. ಇದನ್ನು ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆದರೆ ನಾಳೆ ಏನಾಗುತ್ತೋ ಅನ್ನೋ ಚಿಂತೆಯಲ್ಲೇ ಇವತ್ತಿನ ನಿದ್ದೆ ಕಳೆದುಕೊಳ್ಳುವ ವಯಸ್ಸಿನಲ್ಲಿರುವ ನಾವು ಇವರ ಕತೆ ಒಮ್ಮೆ ಓದಬೇಕು.

ಹುಟ್ಟಿದ್ದು 1805ರ ಸೆಪ್ಟೆಂಬರ್ 27ರಂದು, ಪ್ರಷ್ಯಾ ರಾಜ್ಯದ ಕ್ರೊಪೆನ್‌ಸ್ಟೆಟ್ ಎಂಬ ಊರಲ್ಲಿ. ಅಪ್ಪ ಸರ್ಕಾರಕ್ಕೆ ತೆರಿಗೆ ವಸೂಲಿ ಮಾಡುವ ಅಧಿಕಾರಿ. ಮನೆಯಲ್ಲಿ ಸರ್ಕಾರದ ಹಣ ಇರುತ್ತಿತ್ತು, ಹುಡುಗ ಅದರಲ್ಲೇ ಕದಿಯುತ್ತಿದ್ದ. ಅನುಮಾನ ಬಂದ ಅಪ್ಪ ಒಂದು ದಿನ ಹಣ ಎಣಿಸಿ ಬೇಕಂತಲೇ ಕೋಣೆಯಲ್ಲಿ ಬಿಟ್ಟು ಹೋದರು. ಆಮೇಲೆ ಹುಡುಕಿದರೆ ನಾಣ್ಯಗಳು ಮಗನ ಬೂಟಿನೊಳಗೆ, ಪಾದದ ಕೆಳಗೆ ಸಿಕ್ಕವು. ಹದಿನಾಲ್ಕನೇ ವಯಸ್ಸಲ್ಲಿ, ಅಮ್ಮ ಸಾಯುತ್ತಿದ್ದ ರಾತ್ರಿ, ವಿಷಯ ಗೊತ್ತಿಲ್ಲದ ಅವನು ನಡುರಾತ್ರಿ ದಾಟುವ ತನಕ ಇಸ್ಪೀಟು ಆಡುತ್ತಾ ಕೂತಿದ್ದ. ಹದಿನಾರನೇ ವಯಸ್ಸಲ್ಲಿ ಹೋಟೆಲುಗಳಲ್ಲಿ ಉಳಿದು ಬಿಲ್ ಕೊಡದೆ ಸಿಕ್ಕಿಬಿದ್ದು ಮೂರು ವಾರಕ್ಕೂ ಹೆಚ್ಚು ಜೈಲಲ್ಲಿದ್ದ. ಅಪ್ಪ ಹಣ ಕಳಿಸಿ ಬಾಕಿ ತೀರಿಸಿ ಬಿಡಿಸಿದರು. ಮಗ ಪಾದ್ರಿಯಾದರೆ ಒಳ್ಳೆ ಸಂಬಳ, ಒಳ್ಳೆ ಮನೆ ಸಿಗುತ್ತೆ, ತನಗೂ ಮುಪ್ಪಿನಲ್ಲಿ ಆಸರೆ ಅನ್ನೋದು ಅವರ ಲೆಕ್ಕಾಚಾರ. ಅದಕ್ಕೇ ಹಾಲೆಯಲ್ಲಿ ದೇವತಾಶಾಸ್ತ್ರ ಓದಲು ಸೇರಿಸಿದ್ದು.

ಟ್ರಿಪ್ ಮುಗಿದ ಕೆಲವೇ ತಿಂಗಳಿಗೆ, 1825ರ ನವೆಂಬರಿನ ಒಂದು ಶನಿವಾರ ಸಂಜೆ, ಬೀಟಾ ಅನ್ನೋ ಗೆಳೆಯ ಜಾರ್ಜನನ್ನು ಒಬ್ಬ ಸಾಮಾನ್ಯ ವ್ಯಾಪಾರಿಯ ಮನೆಗೆ ಕರೆದುಕೊಂಡು ಹೋದ. ಅಲ್ಲಿ ನಾಲ್ಕು ಜನ ಸೇರಿ ಹಾಡಿದರು, ಬೈಬಲ್ ಓದಿದರು, ಮಂಡಿಯೂರಿ ಪ್ರಾರ್ಥಿಸಿದರು. ಪಾದ್ರಿಯಾಗಲು ಓದುತ್ತಿದ್ದ ಜಾರ್ಜ್ ಅದುವರೆಗೂ ಯಾರೂ ಮಂಡಿಯೂರಿ ಪ್ರಾರ್ಥಿಸಿದ್ದನ್ನು ನೋಡಿರಲೇ ಇಲ್ಲ. ಆ ಸಂಜೆಯ ನಂತರ ಅವನ ಬದುಕಿನ ದಿಕ್ಕೇ ಬದಲಾಯಿತು. ಸುಳ್ಳು, ಕುಡಿತ, ಕಳ್ಳತನ ಒಂದೊಂದಾಗಿ ಬಿಟ್ಟುಹೋದವು.

ಮೊದಲು ಬದಲಾದದ್ದು ಹಣದ ವಿಷಯ. ಮಿಷನರಿ ಆಗ್ತೀನಿ ಅಂತ ಹೇಳಿದಾಗ ಅಪ್ಪ ಸಿಟ್ಟಾದರು. ಅಪ್ಪನ ಆಸೆ ಈಡೇರಿಸೋಕೆ ಆಗಲ್ಲ ಅಂದ ಮೇಲೆ ಅವರ ದುಡ್ಡಲ್ಲಿ ಓದೋದು ಸರಿಯಲ್ಲ ಅಂತ ಜಾರ್ಜ್ ತೀರ್ಮಾನಿಸಿದ. ಇನ್ನೂ ಎರಡು ವರ್ಷದ ಓದು ಬಾಕಿ ಇತ್ತು. ಅಷ್ಟರಲ್ಲಿ ಹಾಲೆಗೆ ಬಂದಿದ್ದ ಕೆಲವು ಅಮೆರಿಕನ್ ಪ್ರಾಧ್ಯಾಪಕರಿಗೆ ಜರ್ಮನ್ ಕಲಿಸುವವರು ಬೇಕಾಗಿದ್ದರು. ಆ ಟ್ಯೂಷನ್ ದುಡ್ಡಲ್ಲಿ ಓದು ಸಾಗಿತು.

1829ರಲ್ಲಿ ಮಿಷನರಿ ತರಬೇತಿಗೆ ಲಂಡನ್‌ಗೆ ಹೋದರು. ಅಲ್ಲಿ ಆರೋಗ್ಯ ಕೆಟ್ಟು, ಸುಧಾರಿಸಿಕೊಳ್ಳಲು ಡೆವನ್ ಪ್ರಾಂತ್ಯದ ಟೀನ್‌ಮತ್ ಎಂಬ ಕಡಲತೀರದ ಊರಿಗೆ ಬಂದರು. ಅಲ್ಲಿನ ಒಂದು ಚಿಕ್ಕ ಸಭೆ ಅವರನ್ನೇ ಪಾಸ್ಟರ್ ಆಗಿ ಇಟ್ಟುಕೊಂಡಿತು. ವರ್ಷಕ್ಕೆ 55 ಪೌಂಡ್ ಸಂಬಳ. 1830ರ ಅಕ್ಟೋಬರಿನಲ್ಲಿ ಮೇರಿ ಗ್ರೋವ್ಸ್ ಅವರ ಜೊತೆ ಮದುವೆಯಾಯಿತು. ಮೇರಿಯ ಅಣ್ಣ ಆಂಟನಿ ನಾರಿಸ್ ಗ್ರೋವ್ಸ್ ಹಲ್ಲಿನ ವೈದ್ಯರು. ಚೆನ್ನಾಗಿ ನಡೆಯುತ್ತಿದ್ದ ವೃತ್ತಿ ಬಿಟ್ಟು ಬಾಗ್ದಾದಿಗೆ, ಆಮೇಲೆ ಭಾರತಕ್ಕೆ ಮಿಷನರಿಯಾಗಿ ಬಂದವರು.

ಆ ಕಾಲದಲ್ಲಿ ಚರ್ಚಿನ ಬೆಂಚುಗಳಿಗೆ ಬಾಡಿಗೆ ಇತ್ತು. ದುಡ್ಡಿದ್ದವರಿಗೆ ಮುಂದಿನ ಸಾಲು, ಇಲ್ಲದವರಿಗೆ ಮೂಲೆ. ಪಾಸ್ಟರಿನ ಸಂಬಳ ಬರುತ್ತಿದ್ದದ್ದು ಆ ಬಾಡಿಗೆಯಿಂದಲೇ. ಮದುವೆಯಾದ ತಿಂಗಳಲ್ಲೇ ಮುಲ್ಲರ್ ಈ ಸಂಬಳ ಬೇಡ ಅಂದುಬಿಟ್ಟರು. ಚರ್ಚಿನಲ್ಲಿ ಒಂದು ಡಬ್ಬಿ ಇಟ್ಟರು. ಮನಸ್ಸಿದ್ದವರು ಹಾಕಬಹುದು, ಯಾರು ಎಷ್ಟು ಹಾಕಿದರು ಅಂತ ಯಾರಿಗೂ ಗೊತ್ತಾಗಲ್ಲ. ಅವತ್ತಿಂದ ಸಾಯುವ ತನಕ, ಅಂದರೆ 67 ವರ್ಷ, ಅವರು ನಿಗದಿತ ಸಂಬಳ ತಗೊಳ್ಳಲಿಲ್ಲ. ಮೇರಿ ಇದಕ್ಕೆ ಪೂರ್ತಿ ಒಪ್ಪಿದ್ದರು. ಮನೆ ನಡೆಸುವ ಕಷ್ಟ ಅರ್ಧ ಅವರದೇ ಆಗಿತ್ತು ಅನ್ನೋದನ್ನು ಮರೆಯಬಾರದು.

ಈ ನಡೆಯ ಹಿಂದೆ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ ಇದೆ. ಹಕ್ಕಿಗಳನ್ನೂ ಹೊಲದ ಹೂಗಳನ್ನೂ ತೋರಿಸಿ, ಊಟ ಬಟ್ಟೆಯ ಚಿಂತೆಯಲ್ಲಿ ಕರಗಬೇಡಿ ಅಂತ ಯೇಸು ತನ್ನ ಶಿಷ್ಯರಿಗೆ ಕಲಿಸುವ ಭಾಗ ಅದು. ಬಹಳ ಜನ ಅದನ್ನು ಚಂದದ ಮಾತು ಅಂತ ಓದಿ ಮುಂದೆ ಹೋಗ್ತಾರೆ. ಮುಲ್ಲರ್ ಅದನ್ನು ಅಕ್ಷರಶಃ ತಗೊಂಡರು.

1832ರಲ್ಲಿ ಅವರು ಗೆಳೆಯ ಹೆನ್ರಿ ಕ್ರೇಕ್ ಜೊತೆ ಬ್ರಿಸ್ಟಲ್‌ಗೆ ಬಂದರು. ಅದೇ ವರ್ಷ ಊರಲ್ಲಿ ಕಾಲರಾ ಬಡಿದಿತ್ತು. ಬೀದಿಯಲ್ಲಿ ಅಪ್ಪ ಅಮ್ಮ ಇಲ್ಲದ ಮಕ್ಕಳು ತುಂಬಿದ್ದರು. ಮುಲ್ಲರ್ ಮನೆಮನೆಗೆ ಹೋದಾಗ ಇನ್ನೊಂದನ್ನೂ ಕಂಡರು. ಕೆಲಸಗಾರರು ದಿನಕ್ಕೆ ಹದಿನಾಲ್ಕು, ಹದಿನಾರು ಗಂಟೆ ದುಡಿದು ಮೈ ಮನಸ್ಸು ಎರಡೂ ಹಾಳುಮಾಡಿಕೊಳ್ಳುತ್ತಿದ್ದರು. ಸ್ವಲ್ಪ ಕಡಿಮೆ ದುಡಿಯಿರಿ ಅಂದರೆ, ಸಂಸಾರಕ್ಕೆ ಯಾರು ಹಾಕ್ತಾರೆ ಅಂತ ಕೇಳುತ್ತಿದ್ದರು. ವಯಸ್ಸಾದವರಿಗೆ, ಬಡವರನ್ನು ಇಟ್ಟು ದುಡಿಸುವ ವರ್ಕ್‌ಹೌಸಿಗೆ ಕೊನೆಗೆ ಹೋಗಬೇಕಾಗುತ್ತೇನೋ ಅನ್ನೋ ಹೆದರಿಕೆ. ವ್ಯಾಪಾರಿಗಳಿಗೆ ದಿವಾಳಿಯ ಹೆದರಿಕೆ. ದೇವರನ್ನು ನಂಬಿ ಅಂತ ಬಾಯಲ್ಲಿ ಹೇಳಿದರೆ ಇವರು ನಂಬಲ್ಲ, ಕಣ್ಣಿಗೆ ಕಾಣುವ ಸಾಕ್ಷಿ ಬೇಕು ಅಂತ ಮುಲ್ಲರ್‌ಗೆ ಅನ್ನಿಸಿತು. ಅವರು ಓದಿದ ಹಾಲೆ ಊರಲ್ಲೇ ಆಗಸ್ಟ್ ಹರ್ಮನ್ ಫ್ರಾಂಕೆ ಎಂಬವರು 1695ರಲ್ಲಿ ಶುರುಮಾಡಿದ ದೊಡ್ಡ ಅನಾಥಾಲಯ ಇತ್ತು. ಫ್ರಾಂಕೆಯ ಜೀವನಚರಿತ್ರೆಯನ್ನು 1835ರಲ್ಲಿ ಓದಿದಾಗ ದಾರಿ ಸ್ಪಷ್ಟವಾಯಿತು. ಕೈಯಲ್ಲಿ ಏನೂ ಇಲ್ಲದ ಒಬ್ಬ ಪಾಸ್ಟರ್, ಯಾರನ್ನೂ ಬೇಡದೆ ಒಂದು ಅನಾಥಾಲಯ ನಡೆಸಿದರೆ ಅದೇ ಸಾಕ್ಷಿ.

ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ ಇದೊಂದು ಪ್ರಯೋಗ. ಷರತ್ತುಗಳನ್ನು ಮೊದಲೇ ಬರೆದಿಟ್ಟಾಗಿತ್ತು. ಯಾವ ವ್ಯಕ್ತಿಯನ್ನೂ ಹಣ ಕೇಳಬಾರದು. ಸಾಲ ಮಾಡಬಾರದು. ಬಂದದ್ದಕ್ಕೂ ಹೋದದ್ದಕ್ಕೂ ಲೆಕ್ಕ ಪ್ರಕಟಿಸಬೇಕು. 1835ರ ಡಿಸೆಂಬರಿನಲ್ಲಿ ಈ ಯೋಚನೆಯನ್ನು ಜನರ ಮುಂದಿಟ್ಟರು. ಮೊದಲು ಬಂದ ಹಣ ಒಂದು ಶಿಲ್ಲಿಂಗ್, ಅಂದರೆ ಪೌಂಡಿನ ಇಪ್ಪತ್ತನೇ ಒಂದು ಭಾಗ. ಆಮೇಲೆ ಹಣ, ಪಾತ್ರೆ, ಬಟ್ಟೆ, ಮನೆಯಲ್ಲಿ ಕೆಲಸ ಮಾಡಲು ಮುಂದೆ ಬಂದವರು, ಎಲ್ಲಾ ಒಂದೊಂದಾಗಿ ಕೂಡಿಕೊಂಡಿತು. 1836ರ ಫೆಬ್ರವರಿಯಲ್ಲಿ ಮಕ್ಕಳ ಅರ್ಜಿ ತಗೊಳ್ಳಲು ಒಂದು ದಿನ ಗೊತ್ತುಮಾಡಿ ಕಾದು ಕೂತರು. ಒಂದೇ ಒಂದು ಅರ್ಜಿ ಬರಲಿಲ್ಲ. ಮನೆಗೆ ನಡೆದು ಬರುವಾಗ ಹೊಳೆಯಿತು: ಕಟ್ಟಡಕ್ಕೆ, ಹಣಕ್ಕೆ, ಕೆಲಸಗಾರರಿಗೆ ಪ್ರಾರ್ಥಿಸಿದ್ದಾಗಿತ್ತು, ಮಕ್ಕಳು ಹೇಗೂ ಬರ್ತಾರೆ ಅಂದುಕೊಂಡು ಅದೊಂದನ್ನು ಕೇಳೇ ಇರಲಿಲ್ಲ. ಅವತ್ತು ರಾತ್ರಿ ಅದಕ್ಕೂ ಪ್ರಾರ್ಥಿಸಿದರು. ಮರುದಿನ ಮೊದಲ ಅರ್ಜಿ ಬಂತು. ಏಪ್ರಿಲಿನಲ್ಲಿ ವಿಲ್ಸನ್ ಸ್ಟ್ರೀಟಿನ 6ನೇ ನಂಬರ್ ಬಾಡಿಗೆ ಮನೆಯಲ್ಲಿ 30 ಹೆಣ್ಣುಮಕ್ಕಳಿಗಾಗಿ ಮೊದಲ ಮನೆ ತೆರೆಯಿತು.

ಶುರುವಿನಲ್ಲಿ ಹಣ ಸಲೀಸಾಗಿ ಬಂತು. ನಿಜವಾದ ಪರೀಕ್ಷೆ 1838ರಲ್ಲಿ ಶುರುವಾಯಿತು. ಅಷ್ಟೊತ್ತಿಗೆ ಮೂರು ಮನೆ, ನೂರರ ಹತ್ತಿರ ಮಕ್ಕಳು. ಕೂಡಿಟ್ಟ ಹಣ ಖಾಲಿಯಾಯಿತು. ಮುಂದಿನ ಏಳೆಂಟು ವರ್ಷದಲ್ಲಿ ಎಷ್ಟೋ ಸಲ ಬೆಳಿಗ್ಗೆ ಎದ್ದಾಗ ಮಧ್ಯಾಹ್ನದ ಊಟಕ್ಕೆ ದುಡ್ಡಿರುತ್ತಿರಲಿಲ್ಲ. 1838ರ ಸೆಪ್ಟೆಂಬರ್ 18ರಂದು ಪರಿಸ್ಥಿತಿ ಎಷ್ಟು ಬಿಗಡಾಯಿಸಿತ್ತು ಅಂದ್ರೆ, ಮನೆಯಲ್ಲಿ ಬೇಡದ ಸಾಮಾನು ಯಾವುದಿದೆ, ಯಾವುದನ್ನು ಮಾರಬಹುದು ಅಂತ ನೋಡುವ ಹಂತಕ್ಕೆ ಬಂದಿದ್ದರು. ಅವತ್ತು ಮಧ್ಯಾಹ್ನ ಲಂಡನ್ನಿನ ಒಬ್ಬ ಹೆಂಗಸು ಬಂದು, ತನ್ನ ಮಗಳು ಕೊಟ್ಟು ಕಳಿಸಿದ್ದ ಹಣ ಕೊಟ್ಟರು. 3 ಪೌಂಡ್ 2 ಶಿಲ್ಲಿಂಗ್ 6 ಪೆನ್ಸ್. ಆಕೆ ಬ್ರಿಸ್ಟಲ್‌ಗೆ ಬಂದು ನಾಲ್ಕೈದು ದಿನವಾಗಿತ್ತು. ಉಳಿದುಕೊಂಡಿದ್ದು ಅನಾಥಾಲಯದ ಪಕ್ಕದ ಮನೆಯಲ್ಲೇ! ಇವರು ಇತ್ತ ಒಂದೊಂದು ಕಾಸಿಗೆ ಪರದಾಡುತ್ತಿದ್ದ ಅಷ್ಟೂ ದಿನ ಆ ಹಣ ಗೋಡೆಯ ಆಚೆ ಇತ್ತು. ಮುಲ್ಲರ್ ಇದನ್ನು ನೋಡಿದ ರೀತಿ ಬೇರೆ. ಅಷ್ಟು ಹತ್ತಿರ ಇದ್ದೂ ತಡವಾಗಿ ಸಿಕ್ಕಿತು ಅಂದ್ರೆ, ದೇವರಿಗೆ ಕೊಡುವ ಮನಸ್ಸು ಮೊದಲಿಂದಲೂ ಇತ್ತು, ಕಾಯಿಸಿದ್ದು ಕೇಳುವುದನ್ನು ಕಲಿಸೋದಕ್ಕೆ ಅಂತ ಅವರು ತಿಳಿದುಕೊಂಡರು.

ಇಲ್ಲಿ ಒಂದು ಪ್ರಶ್ನೆ ಏಳಲೇಬೇಕು. ತನ್ನ ಹೊಟ್ಟೆ ಪಣಕ್ಕಿಡೋದು ಅವರವರ ಇಷ್ಟ. ನೂರು ಮಕ್ಕಳ ಹೊಟ್ಟೆ ಪಣಕ್ಕಿಡೋದು ಸರಿಯಾ? ಅವರ ಕಾಲದಲ್ಲೇ ಜನ ಈ ಮಾತು ಆಡಿದರು. ಮುಲ್ಲರ್ ಮತ್ತು ಅವರ ಜೊತೆಗಾರರು ಭಾರವನ್ನು ಮಕ್ಕಳ ಮೇಲೆ ಬೀಳಲು ಬಿಡಲಿಲ್ಲ ಅನ್ನೋದು ಇದಕ್ಕೆ ಒಂದು ಉತ್ತರ. ಕಷ್ಟದ ದಿನ ಬಂದಾಗ ಮನೆಯಲ್ಲಿ ಕೆಲಸ ಮಾಡುವವರು ತಮ್ಮ ಕೈಯಲ್ಲಿದ್ದದ್ದನ್ನೇ ಹಾಕುತ್ತಿದ್ದರು. ದುಡ್ಡಿಲ್ಲದ ದಿನ ಅಂಗಡಿಯಲ್ಲಿ ಸಾಲ ಬರೆಸುತ್ತಿರಲಿಲ್ಲ. ಮಕ್ಕಳಿಗೆ ಈ ಕೊರತೆ ಗೊತ್ತೇ ಆಗುತ್ತಿರಲಿಲ್ಲ.

ಇನ್ನೊಂದು ಟೀಕೆಯೂ ಇತ್ತು. ಬಾಯಿಬಿಟ್ಟು ಕೇಳದಿದ್ದರೇನು, ವರ್ಷಕ್ಕೊಮ್ಮೆ ವರದಿ ಅಚ್ಚು ಹಾಕ್ತಾರಲ್ಲ, ಅದೇ ಕೇಳಿದ ಹಾಗಲ್ವಾ? ಈ ಟೀಕೆಯಲ್ಲಿ ಹುರುಳಿದೆ. ವರದಿ ಓದಿ ಕೊಟ್ಟವರು ಬೇಕಾದಷ್ಟು ಜನ ಇದ್ದರು. ಆದರೆ 1841ರ ಕೊನೆಯಲ್ಲಿ, ವರದಿ ಹೊರಡಬೇಕಾದ ಹೊತ್ತಿಗೆ ಸರಿಯಾಗಿ ಕೈ ಖಾಲಿಯಾಗಿತ್ತು. ಈಗ ಪ್ರಕಟಿಸಿದರೆ ಜನರ ಮುಂದೆ ಗೋಳು ಹೇಳಿಕೊಂಡ ಹಾಗಾಗುತ್ತೆ ಅಂತ ಮುಲ್ಲರ್ ಸಭೆಯನ್ನೂ ವರದಿಯನ್ನೂ ಕೆಲವು ತಿಂಗಳು ಮುಂದೆ ಹಾಕಿದರು. ಆ ತಿಂಗಳುಗಳೇ ಅವರ ಬದುಕಿನ ಅತ್ಯಂತ ಬಿಗಿಯಾದ ದಿನಗಳಲ್ಲಿ ಸೇರಿದವು. ಜಾಹೀರಾತು ಬೇಕಿದ್ದವರು ಹೀಗೆ ಮಾಡಲ್ಲ.

1845ರಲ್ಲಿ ವಿಲ್ಸನ್ ಸ್ಟ್ರೀಟಿನ ನೆರೆಯವರೊಬ್ಬರು, ಮಕ್ಕಳ ಗಲಾಟೆ ತಡೆಯೋಕಾಗ್ತಿಲ್ಲ ಅಂತ ಸೌಮ್ಯವಾಗಿಯೇ ಪತ್ರ ಬರೆದರು. ಮುಲ್ಲರ್‌ಗೆ ಅದು ನ್ಯಾಯ ಅನ್ನಿಸಿತು. ಊರಾಚೆ ಆಷ್ಲಿ ಡೌನ್ ಎಂಬ ದಿಬ್ಬದ ಮೇಲೆ ಸ್ವಂತ ಕಟ್ಟಡ ಕಟ್ಟುವ ಯೋಚನೆ ಹುಟ್ಟಿದ್ದು ಹೀಗೆ. ಜಾಗದ ಮಾಲೀಕ ಎಕರೆಗೆ 200 ಪೌಂಡ್ ಕೇಳಬಹುದಿತ್ತು. ಮುಲ್ಲರ್ ಅವನನ್ನು ಹುಡುಕಿಕೊಂಡು ಎರಡು ಕಡೆ ಹೋದರು, ಸಿಗಲಿಲ್ಲ. ಮರುದಿನ ಸಿಕ್ಕಾಗ ಅವನೇ ಹೇಳಿದ: ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ, ಐದರ ತನಕ ನಿದ್ದೆಯೇ ಬರದೆ, ಈ ಜಾಗವನ್ನು ಅನಾಥಾಲಯಕ್ಕೆ ಎಕರೆಗೆ 120 ಪೌಂಡಿನಂತೆ ಕೊಡಬೇಕು ಅಂತ ಅನ್ನಿಸಿತಂತೆ. ಪೂರ್ತಿ ಹಣ ಕೈಗೆ ಬರುವ ತನಕ ಕಟ್ಟಡ ಶುರುಮಾಡಲ್ಲ ಅನ್ನೋದು ಮುಲ್ಲರ್ ಹಾಕಿಕೊಂಡ ನಿಯಮ. 1849ರಲ್ಲಿ 300 ಮಕ್ಕಳ ಮೊದಲ ಕಟ್ಟಡ ತೆರೆಯಿತು. 1870ರ ಹೊತ್ತಿಗೆ ಅಂಥ ಐದು ಕಟ್ಟಡ ಎದ್ದವು. ಒಟ್ಟು 2,050 ಮಕ್ಕಳಿಗೆ ಜಾಗ.

ಈ ಪತ್ರಿಕೆ ಓದುವ ಮೆಕ್ಯಾನಿಕಲ್‌ನವರಿಗೆ ಇಷ್ಟವಾಗುವ ಒಂದು ಘಟನೆ 1857ರ ನವೆಂಬರಿನದು. ಮೊದಲ ಕಟ್ಟಡವನ್ನು ಬೆಚ್ಚಗಿಡುತ್ತಿದ್ದ ಬಾಯ್ಲರ್ ಸೋರತೊಡಗಿತು. ಅದರ ಸುತ್ತಾ ಇಟ್ಟಿಗೆ ಕಟ್ಟಿದ್ದರಿಂದ ಎಲ್ಲಿ ಸೋರುತ್ತಿದೆ ಅಂತ ನೋಡಬೇಕಾದರೆ ಬೆಂಕಿ ಆರಿಸಿ ಇಟ್ಟಿಗೆ ಒಡೆಯಬೇಕು. ಹೊಸ ಬಾಯ್ಲರ್ ಹಾಕಿಸಿದರೆ ವಾರಗಟ್ಟಲೆ ಹಿಡಿಯುತ್ತೆ. ಒಳಗೆ 300 ಮಕ್ಕಳು, ಹೊರಗೆ ಚಳಿಗಾಲ. ಮುಲ್ಲರ್ ಒಂದು ಬುಧವಾರ ರಿಪೇರಿಗೆ ಗೊತ್ತುಮಾಡಿ ಕೆಲಸದವರಿಗೆ ಹೇಳಿ ಕಳಿಸಿದರು. ದಿನ ಗೊತ್ತಾದ ಮೇಲೆ ಕೊರೆಯುವ ಉತ್ತರದ ಗಾಳಿ ಬೀಸಲು ಶುರುವಾಯಿತು. ಅವರು ಎರಡು ವಿಷಯ ಕೇಳಿ ಪ್ರಾರ್ಥಿಸಿದರು: ಗಾಳಿ ದಕ್ಷಿಣಕ್ಕೆ ತಿರುಗಲಿ, ಕೆಲಸದವರಿಗೆ ಕೆಲಸದ ಮೇಲೆ ಮನಸ್ಸು ಬರಲಿ. ಮಂಗಳವಾರ ರಾತ್ರಿಯೂ ಉತ್ತರದ ಗಾಳಿಯೇ. ಬುಧವಾರ ದಕ್ಷಿಣದ ಗಾಳಿ ಬೀಸಿತು. ಬೆಂಕಿಯೇ ಬೇಡ ಅನ್ನುವಷ್ಟು ಹವೆ ಹಿತವಾಯಿತು. ಇಟ್ಟಿಗೆ ತೆಗೆದರು, ತೂತು ಸಿಕ್ಕಿತು. ರಾತ್ರಿ ಎಂಟೂವರೆಗೆ ಕಂಪನಿಯ ಯಜಮಾನ ಬಂದಾಗ, ಇವತ್ತು ತಡವಾಗಿ ತನಕ ಕೆಲಸ ಮಾಡಿ ನಾಳೆ ಬೇಗ ಬರ್ತಾರೆ ಅಂತ ಮೇಸ್ತ್ರಿ ಹೇಳಿದ. ಕೆಲಸದವರು ತಾವಾಗಿಯೇ, ಬೇಡ ರಾತ್ರಿಯಿಡೀ ಮಾಡಿ ಮುಗಿಸ್ತೀವಿ ಅಂದರು. ಮೂವತ್ತು ಗಂಟೆಯೊಳಗೆ ಇಟ್ಟಿಗೆ ಮತ್ತೆ ಕಟ್ಟಿ ಬೆಂಕಿ ಹೊತ್ತಿಸಿಯಾಗಿತ್ತು.

ಗಾಳಿ ತಿರುಗಿದ್ದು ಕಾಕತಾಳೀಯ ಅಂತ ನೀವು ಅನ್ನಬಹುದು. ಪರವಾಗಿಲ್ಲ. ಆದರೆ ಈ ಘಟನೆಯಲ್ಲಿ ಮುಲ್ಲರ್ ಏನು ಮಾಡಿದರು ನೋಡಿ. ಸೋರುವ ಬಾಯ್ಲರ್ ತಾನಾಗಿ ಸರಿಹೋಗಲಿ ಅಂತ ಕೂರಲಿಲ್ಲ. ತಜ್ಞರನ್ನು ಕರೆಸಿದರು, ದಿನ ಗೊತ್ತುಮಾಡಿದರು, ಬೆಂಕಿ ಆರಿಸಲು ಒಪ್ಪಿದರು. ತನ್ನ ಕೈಯಲ್ಲಿದ್ದದ್ದನ್ನೆಲ್ಲ ಮಾಡಿದ ಮೇಲೆ ಉಳಿದದ್ದು ಗಾಳಿ ಮತ್ತು ಬೇರೆಯವರ ಮನಸ್ಸು. ಈ ಎರಡೂ ಯಾರ ಕೈಯಲ್ಲೂ ಇಲ್ಲ. ನಾವು ಸಾಮಾನ್ಯವಾಗಿ ತಲೆಕೆಡಿಸಿಕೊಳ್ಳೋದು ಇವುಗಳ ಬಗ್ಗೆಯೇ. ಮುಲ್ಲರ್ ಅವನ್ನು ದೇವರಿಗೆ ಒಪ್ಪಿಸಿ ಮಲಗಿದರು. ಅವರ ಪ್ರಕಾರ ನಂಬಿಕೆ ಅಂದರೆ ಇದು. ಕೆಲಸ ಬಿಡೋದಲ್ಲ, ಕೆಲಸದ ಜೊತೆ ಹೊತ್ತುಕೊಂಡ ಹೆದರಿಕೆ ಕೆಳಗಿಡೋದು.

ಕೇಳಿದ್ದೆಲ್ಲಾ ಅವರಿಗೆ ಸಿಕ್ಕಿತು ಅಂದುಕೊಂಡರೆ ತಪ್ಪಾಗುತ್ತೆ. 1835ರಲ್ಲಿ, ಅನಾಥಾಲಯ ಶುರುವಾಗುವ ಮೊದಲೇ, ಒಂದು ವರ್ಷ ದಾಟಿದ್ದ ಅವರ ಮಗ ಎಲೈಜಾ ತೀರಿಕೊಂಡ. 1870ರಲ್ಲಿ ನಲವತ್ತು ವರ್ಷ ಹತ್ತಿರ ಜೊತೆಗಿದ್ದ ಮೇರಿ ಹೋದರು. ಅವರ ಅಂತ್ಯಕ್ರಿಯೆಯಲ್ಲಿ ಮುಲ್ಲರ್ ತಾವೇ ನಿಂತು ಪ್ರಸಂಗ ಮಾಡಿದರು, ದೇವರು ಒಳ್ಳೆಯವನು ಅಂತಲೇ ಹೇಳಿದರು. 1890ರಲ್ಲಿ ಒಬ್ಬಳೇ ಮಗಳು ಲಿಡಿಯಾ ತೀರಿಕೊಂಡಾಗ ಅವರು ಭಾರತ ಪ್ರವಾಸದಲ್ಲಿದ್ದರು, ಸುದ್ದಿ ತಂತಿಯಲ್ಲಿ ಬಂತು. ಮಧ್ಯಾಹ್ನದ ಬ್ರೆಡ್ ಕೊಟ್ಟ ದೇವರು ಮಗನನ್ನು ಯಾಕೆ ಉಳಿಸಲಿಲ್ಲ ಅನ್ನೋದಕ್ಕೆ ಮುಲ್ಲರ್ ಹತ್ತಿರ ಸೂತ್ರ ಇರಲಿಲ್ಲ. ಕೊಟ್ಟಾಗ ಇದ್ದ ನಂಬಿಕೆಯನ್ನೇ ತಗೊಂಡಾಗಲೂ ಉಳಿಸಿಕೊಂಡರು. ನನಗೆ ಕೇಳಿದರೆ, ಅವರ ಬದುಕಲ್ಲಿ ಬಾಯ್ಲರಿಗಿಂತ ದೊಡ್ಡ ಘಟನೆ ಇದು.

ತನಗೇನೋ ವಿಶೇಷ ವರ ಇದೆ ಅನ್ನೋದನ್ನು ಅವರು ಒಪ್ಪುತ್ತಿರಲಿಲ್ಲ. ಇದು ಯಾವ ವಿಶ್ವಾಸಿಗೂ ಸಾಧ್ಯ, ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸದಿಂದ ಬೆಳೆಯುವಂಥದ್ದು ಅನ್ನೋದು ಅವರ ಅಭಿಪ್ರಾಯ. ಎಪ್ಪತ್ತು ದಾಟುವ ಹೊತ್ತಿಗೆ ಪ್ರಯಾಣ ಶುರುಮಾಡಿ 1892ರ ತನಕ 42 ದೇಶ ಸುತ್ತಿ ಮಾತಾಡಿದರು. 1898ರ ಮಾರ್ಚ್ 9ರ ಸಂಜೆ ಪ್ರಾರ್ಥನಾ ಕೂಟ ನಡೆಸಿ, ಮರುದಿನ ಬೆಳಿಗ್ಗೆ ತಮ್ಮ ಕೋಣೆಯಲ್ಲಿ ತೀರಿಕೊಂಡರು. ವಯಸ್ಸು 92. ಶವಯಾತ್ರೆಗೆ ಬ್ರಿಸ್ಟಲ್‌ನ ಬೀದಿಗಳಲ್ಲಿ ಸಾವಿರಾರು ಜನ ಸೇರಿದರು. ಸ್ವಂತಕ್ಕೆ ಅಂತ ಜನ ಕೊಟ್ಟಿದ್ದ ಹಣದಲ್ಲಿ 80 ಸಾವಿರ ಪೌಂಡಿಗೂ ಹೆಚ್ಚನ್ನು ಅವರು ಹಂಚಿಬಿಟ್ಟಿದ್ದರು. ಸತ್ತಾಗ ಅವರ ಹೆಸರಲ್ಲಿ ಉಳಿದಿದ್ದು ಮನೆ ಸಾಮಾನೂ ಸೇರಿ ಸುಮಾರು 160 ಪೌಂಡ್.

ಆಷ್ಲಿ ಡೌನ್‌ನ ಆ ಐದು ಕಲ್ಲಿನ ಕಟ್ಟಡಗಳು 1958ರಲ್ಲಿ ನಗರಾಡಳಿತಕ್ಕೆ ಮಾರಾಟವಾದವು. ಆಮೇಲೆ ಅಲ್ಲಿ ಬಂದದ್ದು ಟೆಕ್ನಿಕಲ್ ಕಾಲೇಜು. ಮುಲ್ಲರ್‌ಗಿಂತ ಒಂದು ವರ್ಷ ಕಿರಿಯನಾದ, ಅದೇ ಬ್ರಿಸ್ಟಲ್‌ಗೆ ರೈಲು ಹಾಕಿದ ಮಹಾ ಎಂಜಿನಿಯರ್ ಬ್ರೂನೆಲ್‌ನ ಹೆಸರು ಅದಕ್ಕೆ ಇಟ್ಟರು. ಬೆಳಿಗ್ಗೆ ಎದ್ದು ಇವತ್ತಿನ ಊಟಕ್ಕೆ ಪ್ರಾರ್ಥಿಸುತ್ತಿದ್ದ ಜಾಗದಲ್ಲಿ ನಮ್ಮ ಹಾಗೇ ಹುಡುಗರು ಹುಡುಗಿಯರು ಕೂತು ಥರ್ಮೋಡೈನಮಿಕ್ಸ್ ಓದಿದರು. ಸೆಮಿಸ್ಟರ್ ಫಲಿತಾಂಶಕ್ಕೋ ಪ್ಲೇಸ್‌ಮೆಂಟ್‌ಗೋ ಅಲ್ಲೂ ಯಾರಾದರೂ ನಿದ್ದೆ ಬಿಟ್ಟಿರ್ತಾರೆ. ನೀವೂ ಹಾಗೆ ನಿದ್ದೆ ಬಿಟ್ಟು ಕೂತ ರಾತ್ರಿ ಮುಲ್ಲರ್ ಮಾಡಿದ್ದನ್ನೇ ಮಾಡಿ ನೋಡಬಹುದು. ಇವತ್ತು ನನ್ನ ಕೈಯಲ್ಲಿರೋದು ಯಾವುದು ಅಂತ ನೋಡಿ, ಅಷ್ಟನ್ನು ನೆಟ್ಟಗೆ ಮುಗಿಸಿ. ಉಳಿದದ್ದು ಗಾಳಿಗೆ ಬಿಟ್ಟದ್ದು. ಗಾಳಿಗೂ ಒಬ್ಬ ಒಡೆಯ ಇದ್ದಾನೆ ಅಂತ ನಂಬಿ ಆ ಮನುಷ್ಯ ಅರವತ್ತೇಳು ವರ್ಷ ನಿಶ್ಚಿಂತೆಯಾಗಿ ಮಲಗಿದರು.